ಹತ್ತಕ್ಕೆ ಎಂಟು ಅಡಿ ರೂಮಲ್ಲಿ ಟಾಕೀಸು

ಓದುಗರ ಪ್ರಶ್ನೆ, ನಮ್ಮ ಉತ್ತರ

ಚಿಕ್ಕ ಜಾಗದಲ್ಲಿ ಕಡಿಮೆ ದುಡ್ಡಲ್ಲಿ ಹೋಂ ಥಿಯೇಟರ್ ಮಾಡ್ಕೊಳ್ಳೋದು ಹೆಂಗೆ ಅಂತ ಸುಮಾರು ಪತ್ರ ಬಂದಿದಾವೆ, ಮಳೆಗಾಲ ಹತ್ರ ಬಂತಲ್ಲ, ಮನೆ ಒಳಗೇ ಕೂರೋ ಕಾಲ. ನಾಲ್ಕು ಪತ್ರ ಆರಿಸ್ಕೊಂಡಿದೀನಿ. ಮೊದಲನೇದಕ್ಕೇ ಜಾಸ್ತಿ ಜಾಗ ಹೋಗಿದೆ, ಎಂತಕ್ಕೆ ಅಂದ್ರೆ ರೂಮಿನ ಅಳತೆ ಬರ್ದು ಕಳ್ಸಿದ್ದು ಅವ್ರೊಬ್ರೇ.

ಪ್ರಶ್ನೆ: ನಮ್ದು ತೀರ್ಥಹಳ್ಳಿ ಹತ್ರ ಹಳೇ ಹಂಚಿನ ಮನೆ. ಅಡಿಕೆ ಮೂಟೆ ಇಡ್ತಿದ್ದ ರೂಮೊಂದು ಖಾಲಿ ಆಗಿದೆ, ಉದ್ದ 10 ಅಡಿ, ಅಗಲ 8 ಅಡಿ, ಮೇಲೆ ಮುಚ್ಚಿಗೆ ಇದೆ. ಉಪ್ಪರಿಗೇಲೂ ಒಂದು ರೂಮಿದೆ, ಅದು ಇನ್ನೂ ಸ್ವಲ್ಪ ದೊಡ್ಡದು, ಆದ್ರೆ ತಲೆ ಮೇಲೆ ನೇರ ಹಂಚು. ಹೆಗ್ಗೋಡಿನ ನೀನಾಸಂನಲ್ಲಿ ಒಂದ್ಸಲ ಕತ್ತಲಲ್ಲಿ ಕೂತು ಸಿನಿಮಾ ನೋಡಿದಾಗಿಂದ ಮನೇಲೂ ಹಂಗೊಂದು ಜಾಗ ಬೇಕು ಅಂತ ಆಸೆ. ಕೈಲಿರೋದು 35 ಸಾವಿರ. 120 ಇಂಚಿನ ಪ್ರೊಜೆಕ್ಟರ್ ಮತ್ತೆ 5.1 ಸೆಟ್ ಹಾಕ್ಬಹುದಾ? ಈಗ 32 ಇಂಚಿನ ಟಿವಿ ಇದೆ. ಗೋಡೆಗೆಲ್ಲ ಮೊಟ್ಟೆ ಟ್ರೇ ಹೊಡೀಬೇಕು ಅಂತಾರೆ, ನಿಜವಾ?
— ತೀರ್ಥಹಳ್ಳಿ ಕಡೆಯ ಓದುಗರು

ಉತ್ತರ: ಮೊದ್ಲು ಟೇಪು ಹಿಡೀರಿ ಮಾರಾಯ್ರೆ. 120 ಇಂಚು ಅಂತ ಅಂಗಡಿಯವ್ರು ಹೇಳೋದು ಮೂಲೆಯಿಂದ ಮೂಲೆಗೆ ಓರೆ ಅಳತೆ. ಈಗಿನ 16:9 ಪರದೇಲಿ (ಅಗಲ 16 ಪಾಲು, ಎತ್ತರ 9 ಪಾಲು) ಅಗಲ ಅದ್ರ ಶೇಕಡಾ 87ರಷ್ಟು ಬರ್ತದೆ, ಅಂದ್ರೆ ಹತ್ರ ಹತ್ರ 105 ಇಂಚು, 8 ಅಡಿ 9 ಇಂಚು. ನಿಮ್ಮ ಗೋಡೆ ಇರೋದೇ 8 ಅಡಿ, ಹೀರೋನ ಒಂದು ಕಿವಿ ಪಕ್ಕದ ಗೋಡೆ ಕಿಟಕಿ ಮೇಲೆ ಬೀಳ್ತದೆ. ಅಷ್ಟೇ ಅಲ್ಲ, ಪ್ರೊಜೆಕ್ಟರಿಗೆ ಥ್ರೋ ರೇಷಿಯೋ ಅಂತ ಒಂದಿರ್ತದೆ, ಪರದೆ ಅಗಲದ ಎಷ್ಟು ಪಟ್ಟು ದೂರ ಇಡ್ಬೇಕು ಅನ್ನೋ ಲೆಕ್ಕ. ಅದು 1.2 ಇದ್ರೆ 120 ಇಂಚಿನ ಚಿತ್ರಕ್ಕೆ ಹತ್ತೂವರೆ ಅಡಿ ದೂರ ಬೇಕು. ರೂಮು ಹತ್ತೇ ಅಡಿ. ಹಿಂದಿನ ಗೋಡೆ ತೂತು ಮಾಡಿ ಪ್ರೊಜೆಕ್ಟರನ್ನ ಅಡಿಗೆಮನೇಲಿಟ್ರೆ ಆಗ್ತದೆ, ಅಮ್ಮ ಒಪ್ಪಿದ್ರೆ.

80 ಇಂಚಿಗೆ ಇಳಿದ್ರೆ ಲೆಕ್ಕ ಕೂಡ್ತದೆ, ಅಗಲ 5 ಅಡಿ 10 ಇಂಚು, ದೂರ 7 ಅಡಿ. ಆದ್ರೂ ನಾನು ಬೇಡ ಅಂತೀನಿ. ಆ ದೂರಕ್ಕೆ ಪ್ರೊಜೆಕ್ಟರ್ ಸರಿಯಾಗಿ ನಿಮ್ಮ ನೆತ್ತಿ ಮೇಲೆ ಬರ್ತದೆ, ಅದ್ರ ಫ್ಯಾನ್ ಸದ್ದು ಸಿನಿಮಾ ಪೂರ್ತಿ ಕಿವೀಲಿ. ಕಡಿಮೆ ರೇಟಿನ ಪ್ರೊಜೆಕ್ಟರ್ ಡಬ್ಬಿ ಮೇಲೆ '4ಕೆ ಸಪೋರ್ಟ್' ಅಂತಿರ್ತದೆ, ಅದಕ್ಕೆ ಅರ್ಥ 4ಕೆ ಸಿನಿಮಾ ಹಾಕಿದ್ರೆ ತಗೊಳ್ತದೆ ಅಂತ, 4ಕೆ ತೋರಿಸ್ತದೆ ಅಂತ ಅಲ್ಲ, ನೇಟಿವ್ ರೆಸಲ್ಯೂಷನ್, ಅಂದ್ರೆ ಅದು ನಿಜವಾಗಿ ಮೂಡಿಸೋ ಚುಕ್ಕಿ, ಎಷ್ಟು ಅಂತ ಕೇಳಿ ನೋಡಿ, ಎಷ್ಟೋ ಸಲ 1280ಕ್ಕೆ 720 ಇರ್ತದೆ. ಬೆಳಕಿನ ಅಳತೇನೂ ಹಂಗೇ, ಬರೀ ಲ್ಯೂಮೆನ್ಸ್ ಅಂತ ಎಷ್ಟು ಸಾವಿರ ಬೇಕಾದ್ರೂ ಬರ್ಕೊಳ್ಳಬಹುದು, ಆನ್ಸಿ ಲ್ಯೂಮೆನ್ಸ್, ಅಂದ್ರೆ ಗೊತ್ತಾದ ಒಂದು ಕ್ರಮದಲ್ಲಿ ಅಳೆದಿದ್ದು, ಅಂತ ಇದ್ರೆ ಮಾತ್ರ ಅದು ಲೆಕ್ಕ. ಇನ್ನು ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಗೆದ್ದಲು ಏಳ್ತಾವಲ್ಲ, ಕತ್ತಲೆ ರೂಮಲ್ಲಿ ಉರಿಯೋದು ಅದೊಂದೇ ಲೆನ್ಸ್, ಎಲ್ಲಿಗೆ ಹೋಗ್ತಾವೆ ಅಂತ ನೀವೇ ಹೇಳಿ.

ಟಿವಿ ತಗೊಳ್ಳಿ, 43 ಇಂಚು. ಚಿಕ್ಕದಾಯ್ತು ಅನ್ಸಬಹುದು. ಸಿನಿಮಾ ತಂತ್ರಜ್ಞರು ಹೇಳೋದು ಪರದೆ ನಿಮ್ಮ ಕಣ್ಣೆದುರು ಅಡ್ಡಕ್ಕೆ 30 ಡಿಗ್ರಿಯಷ್ಟಾದ್ರೂ ತುಂಬಬೇಕು ಅಂತ. 43 ಇಂಚಿನ ಟಿವೀನ 6 ಅಡಿ ದೂರದಿಂದ ನೋಡಿದ್ರೆ ಹತ್ರ ಹತ್ರ ಅಷ್ಟು ತುಂಬ್ತದೆ. ಅದೇ ಟಿವಿ ದೊಡ್ಡ ಹಾಲಲ್ಲಿ 12 ಅಡಿ ದೂರ ಇಟ್ರೆ ಅಂಚೆಚೀಟಿ ಕಂಡಂಗೆ ಕಾಣ್ತದೆ. ಚಿಕ್ಕ ರೂಮಿರೋದೇ ನಿಮಗೆ ಲಾಭ ಅಂತ ನಾನು ಹೇಳೋದು ಇದಕ್ಕೇ, ಸೌಂಡಿಗೂ ಇದೇ ಮಾತು, ಕೂರೋ ದೂರ ಅರ್ಧ ಆದ್ರೆ ಅಷ್ಟೇ ಜೋರು ಕೇಳೋಕೆ ಹೆಚ್ಚುಕಮ್ಮಿ ಕಾಲು ಭಾಗ ಪವರ್ ಸಾಕು. ದೊಡ್ಡ ಹಾಲಿನವ್ರು ಆಂಪ್ಲಿಫೈಯರಿಗೆ ಸುರಿಯೋ ದುಡ್ಡು ನಿಮಗೆ ಉಳೀತದೆ. 32 ಇಂಚಿಂದು ಅಡಿಗೆಮನೆಗೆ ಹೋಗ್ಲಿ.

ಯಾವ ರೂಮು ಅಂದ್ರೆ, ಕಣ್ಮುಚ್ಕೊಂಡು ಅಡಿಕೆ ರೂಮು. ಉಪ್ಪರಿಗೆ ದೊಡ್ಡದಿರ್ಬಹುದು, ಆದ್ರೆ ಜೂನಿಂದ ಸೆಪ್ಟೆಂಬರ್ ತನಕ ಹಂಚಿನ ಮೇಲೆ ಬೀಳೋ ಮಳೆ ಸದ್ದಲ್ಲಿ ಪಕ್ಕ ಕೂತವ್ರ ಮಾತೇ ಕೇಳಲ್ಲ, ಸಿನಿಮಾದ ಪಿಸುಮಾತು ಎಲ್ಲಿಂದ ಕೇಳ್ಬೇಕು. ಸದ್ದು ತಡೆಯೋದು ತೂಕ, ಮೆತ್ತಗಿರೋ ವಸ್ತು ಅಲ್ಲ. ನಿಮ್ಮ ಹಿರಿಯರು ಹಲಗೆ ಹಾಸಿ ಮೇಲೆ ಮಣ್ಣು ಮೆತ್ತಿ ಮುಚ್ಚಿಗೆ ಮಾಡಿದ್ದು ಅಡಿಕೆ ಬೆಚ್ಚಗಿರ್ಲಿ ಅಂತ ಇರ್ಬಹುದು, ಆದ್ರೆ ಈಗ ಅಂಥ ಸೀಲಿಂಗ್ ಮಾಡ್ಸೋಕೆ ಹೋದ್ರೆ ನಿಮ್ಮ 35 ಸಾವಿರ ಹಲಗೆಗೇ ಸಾಲಲ್ಲ. ಬಾಗಿಲ ಸಂದು ಮಾತ್ರ ರಬ್ಬರ್ ಪಟ್ಟಿ ಹಾಕಿ ಮುಚ್ಚಿ, ಗಾಳಿ ನುಗ್ಗೋ ಕಡೆ ಸದ್ದೂ ನುಗ್ತದೆ.

ಮೊಟ್ಟೆ ಟ್ರೇ ಬಗ್ಗೆ ಇನ್ನು ಯಾರೂ ಕೇಳ್ಬೇಡಿ, ಇದು ನಾನು ಎಷ್ಟನೇ ಸಲ ಬರೀತಿರೋದೋ. ಅದು ಹೊರಗಿನ ಸದ್ದನ್ನೂ ತಡೆಯಲ್ಲ, ಒಳಗಿನ ಗೊಂಯ್‌ಗುಡೋದನ್ನೂ ಸರಿಯಾಗಿ ಹೀರಲ್ಲ, ಬೆಂಕಿ ಬೇಗ ಹತ್ತೋ ಕಾಗದ, ನಮ್ಮ ಕಡೆ ಒಂದು ಮಳೆಗಾಲ ಕಳೆದ್ರೆ ಬೂಷ್ಟು ಹಿಡಿದು ಜಿರಲೆ ಸಂಸಾರ ಹೂಡ್ತಾವೆ. ನಿಮ್ಮನೇಲಿ ಕರಿ ಕಂಬಳಿ ಇದ್ದೇ ಇರ್ತದೆ, ಅದು ಟ್ರೇಗಿಂತ ಹತ್ತು ಪಾಲು ಒಳ್ಳೇದು. ಎರಡು ಮಡಿಕೆ ಮಾಡಿ ಗೋಡೆಗೆ ಅಂಟಿಸ್ದೆ ಒಂದು ಎರಡ್ಮೂರು ಇಂಚು ಬಿಟ್ಟು ಬಿದಿರು ಗಳಕ್ಕೆ ನೇತು ಹಾಕಿ. ಎಲ್ಲಿ ಅಂದ್ರೆ, ನೀವು ಕೂರೋ ಜಾಗದಲ್ಲಿ ಕೂತ್ಕೊಳ್ಳಿ, ಇನ್ನೊಬ್ರು ಪಕ್ಕದ ಗೋಡೆಗೆ ಕನ್ನಡಿ ಹಿಡ್ಕೊಂಡು ನಿಧಾನ ಸರೀತಾ ಹೋಗ್ಲಿ, ಕನ್ನಡೀಲಿ ಸ್ಪೀಕರ್ ಕಂಡ ಜಾಗವೇ ಸೌಂಡು ತಾಗಿ ನಿಮ್ಮ ಕಿವಿಗೆ ಬರೋ ಜಾಗ, ಅಲ್ಲಿ ಒಂದು ಕಂಬಳಿ, ಎದುರು ಗೋಡೇಲೂ ಒಂದು. ನೆಲಕ್ಕೆ ದಪ್ಪ ಜಮಖಾನ. ಹಿಂದಿನ ಗೋಡೆಗೆ ಪುಸ್ತಕದ ಕಪಾಟು ಇದ್ರೆ ಭೇಷ್.

ಈಗ ಸೌಂಡು. 5.1 ಅಂದ್ರೆ ಐದು ಸ್ಪೀಕರ್, ಒಂದು ಸಬ್ ವೂಫರ್, ಅಂದ್ರೆ ಧಂ ಧಂ ಅನ್ನೋ ಬೇಸಿಗೇ ಅಂತ ಇರೋ ಡಬ್ಬ. ಟಿವಿಗೆ ಸುಮಾರು 22 ಸಾವಿರ ತೆಗೆದಿಟ್ರೆ ನಿಮ್ಮ ಹತ್ರ ಉಳಿಯೋದು 13, ಅದ್ರಲ್ಲಿ ಆರು ಡಬ್ಬ ತಗೊಂಡ್ರೆ ಒಂದೊಂದು ಡಬ್ಬಕ್ಕೆ ಎರಡು ಸಾವಿರ ಚಿಲ್ಲರೆ ಬಿತ್ತು, ಆ ರೇಟಿಗೆ ಏನು ಸಿಗ್ತದೆ? ಪ್ಲಾಸ್ಟಿಕ್ ಡಬ್ಬದಲ್ಲಿ ಮೂರಿಂಚಿನ ಕಾಗದದ ಕೋನು. ಅದ್ರ ಬದಲು ಎರಡೇ ಎರಡು ಒಳ್ಳೆ ಬುಕ್‌ಶೆಲ್ಫ್ ಸ್ಪೀಕರ್ ತಗೊಳ್ಳಿ, ಆಂಪ್ಲಿಫೈಯರ್ ಒಳಗೇ ಇರೋದಾದ್ರೂ ಸರಿ, ಸೆಕೆಂಡ್ ಹ್ಯಾಂಡ್ ಆದ್ರೂ ಸರಿ. ಸೆಕೆಂಡ್ ಹ್ಯಾಂಡ್ ತಗೊಳ್ಳೋವಾಗ ವಾಲ್ಯೂಮ್ ತಿರುಗ್ಸಿ ನೋಡಿ, ಕರಕರ ಅಂದ್ರೆ ಒಳಗೆ ಧೂಳು ಇಲ್ಲಾ ಸವೆತ, ರೇಟು ಇಳಿಸೋಕೆ ಒಳ್ಳೆ ಕಾರಣ. ಒಂದು ರೂಮಲ್ಲಿ ಎರಡು ಒಳ್ಳೆ ಸ್ಪೀಕರ್ ಸರಿಯಾದ ಜಾಗದಲ್ಲಿದ್ರೆ ಮಾತು ಟಿವಿ ಮಧ್ಯದಿಂದಲೇ ಬಂದಂಗೆ ಕೇಳ್ತದೆ, ಸೆಂಟರ್ ಸ್ಪೀಕರ್ ಇಲ್ಲ ಅನ್ನೋದೇ ಮರ್ತು ಹೋಗ್ತದೆ.

ವಾಟ್ಸ್ ನೋಡಿ ಮರುಳಾಗ್ಬೇಡಿ. ಜಾತ್ರೆ ಎಕ್ಸಿಬಿಷನ್ನಲ್ಲಿ ಮಾರೋ ಸೆಟ್ ಮೇಲೆ 10,000 ವಾಟ್ಸ್ ಪಿಎಂಪಿಒ ಅಂತ ಬಂಗಾರದ ಅಕ್ಷರ ಇರ್ತದೆ, ತಿರುಗಿಸಿ ಹಿಂದುಗಡೆ ಸಣ್ಣ ಅಕ್ಷರ ಓದಿ, 230 ವೋಲ್ಟ್, 60 ವಾಟ್ಸ್ ಅಂತಿರ್ತದೆ. ಗೋಡೆಯಿಂದ 60 ವಾಟ್ಸ್ ಕುಡಿಯೋ ಪೆಟ್ಟಿಗೆ ಹತ್ತು ಸಾವಿರ ವಾಟ್ಸ್ ಎಲ್ಲಿಂದ ಉಗುಳ್ತದೆ? ಆರ್‌ಎಂಎಸ್, ಅಂದ್ರೆ ಬಿಡದೆ ಕೊಡೋ ನಿಜವಾದ ಪವರ್, ಎಷ್ಟು ಅಂತ ಕೇಳಿ, ನಿಮ್ಮ ರೂಮಿಗೆ ಒಂದೊಂದು ಸ್ಪೀಕರಿಗೆ 20–30 ಇದ್ರೆ ಹಂಚು ಹಾರ್ತದೆ.

ಇಡೋದು ಹೆಂಗೆ ಅಂದ್ರೆ, 8 ಅಡಿ ಗೋಡೆಗೆ ಟಿವಿ, ಎರಡು ಸ್ಪೀಕರ್ ನಡುವೆ ಐದೂವರೆ ಅಡಿ, ಟ್ವೀಟರು ಅಂದ್ರೆ ಆ ಚಿಕ್ಕ ಕೋನು ನಿಮ್ಮ ಕಿವಿ ಮಟ್ಟಕ್ಕೆ, ಸ್ವಲ್ಪ ನಿಮ್ಮ ಕಡೆ ತಿರುಗಿಸಿ. ನೀವು 6 ಅಡಿ ದೂರ ಕೂತ್ರೆ ಮಧ್ಯದ ಗೆರೆಯಿಂದ ಎರಡೂ ಕಡೆ ಸುಮಾರು 25 ಡಿಗ್ರಿ ಆಗ್ತದೆ, ಡಾಲ್ಬಿಯವ್ರು ಹೇಳೋದೂ 22ರಿಂದ 30. ಮೂಲೆಗೆ ಒತ್ತಬೇಡಿ, ಮೂಲೇಲಿ ಬೇಸ್ ಉಬ್ಬಿ ಮಾತು ಮಡಕೆ ಒಳಗಿಂದ ಬಂದಂಗೆ ಕೇಳ್ತದೆ. ನೀವೂ ಹಿಂದಿನ ಗೋಡೆಗೆ ಒರಗಿ ಕೂರ್ಬೇಡಿ. 10 ಅಡಿ ಉದ್ದದ ರೂಮಲ್ಲಿ 56 ಹರ್ಟ್ಸ್ ಆಸುಪಾಸಿನ ಬೇಸು ಎರಡು ಗೋಡೆ ನಡುವೆ ತೊಟ್ಟಿಲು ತೂಗಿದಂಗೆ ನಿಂತ್ಬಿಡ್ತದೆ, ಗೋಡೆ ಹತ್ರ ಧಂ ಧಂ ಅಂತ ಜಾಸ್ತಿ, ಸರಿಯಾಗಿ ಮಧ್ಯದಲ್ಲಿ ಅಂದ್ರೆ 5 ಅಡೀಲಿ ಬೇಸೇ ಮಾಯ. ಟಿವಿ ಗೋಡೆಯಿಂದ ಆರೂವರೆ, ಏಳು ಅಡಿ ದೂರದಲ್ಲಿ ನಿಮ್ಮ ತಲೆ ಇರ್ಲಿ, ಬೆನ್ನ ಹಿಂದೆ ಮೂರು ಅಡಿ ಖಾಲಿ, ಅಲ್ಲಿ ಮಕ್ಕಳು ಮಲಗ್ತಾರೆ.

ವೈರು ಸಿಕ್ಕಿಸೋವಾಗ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಒಂದು ಉಲ್ಟಾ ಆದ್ರೂ ಬೇಸ್ ಸತ್ತು ಮಾತು ರೂಮೆಲ್ಲ ಹರಡ್ಕೊಳ್ತದೆ, ಸ್ಪೀಕರ್ ಸರಿ ಇಲ್ಲ ಅಂತ ಅಂಗಡಿಗೆ ವಾಪಸ್ ಹೊತ್ಕೊಂಡು ಹೋಗಿರೋರನ್ನ ನಾನು ನೋಡಿದೀನಿ. ಹಳೇ ಸ್ಪೀಕರಲ್ಲಿ ಬಣ್ಣ ಅಳಿಸಿ ಹೋಗಿದ್ರೆ ಒಂದು ಟಾರ್ಚ್ ಸೆಲ್ಲು ತಗೊಂಡು ವೈರಿನ ಎರಡು ತುದಿಗೆ ಒಂದು ಕ್ಷಣ ಮುಟ್ಸಿ. ಕೋನು ಹೊರಗೆ ಬಂದ್ರೆ ಸೆಲ್ಲಿನ ಪ್ಲಸ್ ಮುಟ್ಟಿದ್ದೇ ಸ್ಪೀಕರಿನ ಪ್ಲಸ್, ಒಳಗೆ ಹೋದ್ರೆ ಉಲ್ಟಾ. ಬಟಾಣಿ ದಪ್ಪದಷ್ಟೂ ಅಲ್ಲಾಡಲ್ಲ, ಬೆರಳು ಮೆತ್ತಗೆ ಇಟ್ಕೊಂಡ್ರೆ ಗೊತ್ತಾಗ್ತದೆ.

ಟಿವಿಯಿಂದ ಸೌಂಡ್ ತೆಗಿಯೋಕೆ ಎಚ್‌ಡಿಎಂಐ ಎಆರ್‌ಸಿ ಅಂತ ಬರೆದಿರೋ ಕಿಂಡಿಗೇ ಹಾಕಿ, ಪಕ್ಕದ ಎಚ್‌ಡಿಎಂಐಗೆ ಹಾಕಿದ್ರೆ ಸೌಂಡ್ ಬರಲ್ಲ, ಇಲ್ಲಾ ಆಪ್ಟಿಕಲ್ ಕೇಬಲ್ ಹಾಕಿ. ಎರಡೇ ಸ್ಪೀಕರ್ ಇರೋದ್ರಿಂದ ಟಿವಿ ಸೆಟಿಂಗಲ್ಲಿ ಡಿಜಿಟಲ್ ಆಡಿಯೋ ಔಟ್‌ಪುಟ್ಟನ್ನ ಪಿಸಿಎಂ ಅಂತ ಮಾಡ್ಬೇಕು, ಮಾಡ್ದೆ ಇದ್ರೆ ಕೆಲವು ಆ್ಯಪಲ್ಲಿ ಸೌಂಡ್ ಇರ್ತದೆ ಕೆಲವದ್ರಲ್ಲಿ ಮೂಕ, ಆಮೇಲೆ ನಂಗೆ ಪತ್ರ.

ಸಬ್ ವೂಫರ್ ಮುಂದಿನ ಅಡಿಕೆ ಸೀಸನ್ನಿಗೆ ತಗೊಳ್ಳಿ. ತಂದ್ಮೇಲೆ ಎಲ್ಲಿಡ್ಬೇಕು ಅಂತ ಕೇಳೋ ಮೊದ್ಲು ಅದನ್ನ ನೀವು ಕೂರೋ ಜಾಗದಲ್ಲೇ ಇಟ್ಟು ಬೇಸ್ ಇರೋ ಹಾಡು ಹಾಕಿ, ನೀವು ಅಂಬೆಗಾಲಲ್ಲಿ ಗೋಡೆ ಸುತ್ತ ಹೋಗಿ, ಎಲ್ಲಿ ಬೇಸ್ ಹದವಾಗಿ ಕೇಳ್ತದೋ ಅಲ್ಲಿ ಸಬ್ ಇಡಿ. ನಾನು ಹಿಂಗೆ ಹರೀತಿದ್ದಾಗ ನಮ್ಮನೆಯವ್ರು ಬಾಗಿಲಲ್ಲಿ ನಿಂತು 'ಉಂಗುರ ಬಿತ್ತಾ' ಅಂತ ಕೇಳಿ ಅವ್ರೂ ಬಗ್ಗಿ ಹುಡುಕೋಕೆ ಶುರು ಮಾಡಿದ್ರು. ಸಿಕ್ಕಿದ್ದು ಬೀರು ಪಕ್ಕದ ಜಾಗ, ಈಗ್ಲೂ ಅಲ್ಲೇ ಇದೆ. ಕ್ರಾಸ್ಓವರ್, ಅಂದ್ರೆ ಎಷ್ಟು ಹರ್ಟ್ಸಿಂದ ಕೆಳಗಿನ ಸೌಂಡು ಸಬ್ಬಿಗೆ ಹೋಗ್ಬೇಕು ಅನ್ನೋ ಗೆರೆ, 80 ಹರ್ಟ್ಸಿಗೆ ಇಟ್ಟು ಶುರು ಮಾಡಿ.

ಟಿವಿ, ಸ್ಪೀಕರ್ ಆಗಿ ಉಳಿದ ಎರಡು ಮೂರು ಸಾವಿರ ಇದ್ಯಲ್ಲ, ಅದು ವೈರಿಗೆ, ಅರ್ಥಿಂಗಿಗೆ. ಇನ್ವರ್ಟರ್ ಮೇಲೆ ನೋಡೋದಾದ್ರೆ ಸೈನ್ ವೇವ್ ಇನ್ವರ್ಟರ್ ಇರ್ಲಿ, ಸ್ಕ್ವೇರ್ ವೇವಿಂದಾದ್ರೆ ಆಂಪ್ಲಿಫೈಯರ್ ಜೇನುಗೂಡಿನಂಗೆ ಗುಂಯ್ ಅಂತದೆ.

ಪ್ರಶ್ನೆ: ಶಿವಮೊಗ್ಗ ವಿನೋಬನಗರದಲ್ಲಿ ಎರಡನೇ ಮಹಡಿ, ಬಾಡಿಗೆ ಮನೆ. ಹಾಲು ಅಂದ್ರೆ ಸೋಫಾ ಹಾಕಿದ್ರೆ ಮುಗೀತು. ಸಬ್ ವೂಫರ್ ಇರೋ ಸೌಂಡ್‌ಬಾರ್ ತಂದಿದೀನಿ, ರಾತ್ರಿ ಕೆಳಗಿನ ಮನೆಯವ್ರು ಕಡ್ಡೀಲಿ ಸೀಲಿಂಗ್ ಕುಟ್ತಾರೆ. ಗೋಡೆಗೆ ಮೊಳೆ ಹೊಡಿಯೋಕೆ ಓನರ್ ಬಿಡಲ್ಲ.
— ಶಿವಮೊಗ್ಗದ ಓದುಗರು

ಉತ್ತರ: ಕೆಳಗಿನವ್ರಿಗೆ ಕೇಳ್ತಿರೋದು ಡೈಲಾಗ್ ಅಲ್ಲ, ಸಬ್ಬಿನ ನಡುಕ. ಅದು ಗಾಳೀಲಿ ಮಾತ್ರ ಹೋಗಲ್ಲ, ಕಾಲಿನ ಮೂಲಕ ಸ್ಲ್ಯಾಬಿಗೆ ಇಳಿದು ಅವ್ರ ಸೀಲಿಂಗನ್ನೇ ಸ್ಪೀಕರ್ ಮಾಡ್ಕೊಳ್ತದೆ. ಸಬ್ಬಿನ ಕೆಳಗೆ ದಪ್ಪ ರಬ್ಬರ್ ತುಂಡು ಇಟ್ಟು ನೆಲದಿಂದ ಬಿಡಿಸಿ, ಮೂಲೆಯಿಂದ ಈಚೆ ಎಳೀರಿ, ಲೆವೆಲ್ ಇಳಿಸಿ. ರಾತ್ರಿ ಹತ್ತರ ಮೇಲೆ ನೈಟ್ ಮೋಡ್ ಹಾಕಿ, ಅದು ಬಾಂಬಿನ ಸದ್ದನ್ನ ತಗ್ಗಿಸಿ ಪಿಸುಮಾತನ್ನ ಎತ್ತುತ್ತೆ. ಅದೂ ಸಾಲ್ದಿದ್ರೆ ಸಬ್ಬಿನ ಪ್ಲಗ್ ಕಿತ್ತಿಡಿ, ಸೋಫಾ ಹತ್ರ ಇದ್ರೆ ಬಾರ್ ಒಂದೇ ಸಾಕು. ಹೆಡ್‌ಫೋನ್ ಹಾಕೋದಾದ್ರೆ ವೈರಿಂದು ತಗೊಳ್ಳಿ, ಬ್ಲೂಟೂತಲ್ಲಿ ಎಷ್ಟೋ ಸಲ ತುಟಿ ಮೊದ್ಲು ಅಲ್ಲಾಡಿ ಮಾತು ಆಮೇಲೆ ಬರ್ತದೆ. ಇದೇ ಕಾರಣಕ್ಕೆ ಟಿವಿಗೂ ಸೌಂಡ್‌ಬಾರಿಗೂ ಮಧ್ಯೆ ಬ್ಲೂಟೂತ್ ಬೇಡ, ಕೇಬಲ್ ಇರ್ಲಿ. ಬಾರು ಟಿವಿ ಮುಂದಿನ ಸ್ಟ್ಯಾಂಡ್ ಮೇಲೇ ಕೂರ್ತದೆ, ಮೊಳೆ ಬೇಕಾಗಲ್ಲ. ಹಂಗೇ ಒಂದಿನ ಕೆಳಗಿನವ್ರನ್ನೂ ಸಿನಿಮಾಕ್ಕೆ ಕರೀರಿ, ಯಾವ ಸೀನಲ್ಲಿ ಕುಟ್ತಿದ್ರು ಅಂತ ತೋರಿಸ್ತಾರೆ.

ಪ್ರಶ್ನೆ: ಹಳೇ ಸ್ಪೀಕರ್ ಜೋಡಿ ನಾಲ್ಕು ತಿಂಗಳು ಹಾಕಿರ್ಲಿಲ್ಲ, ಮಳೆಗಾಲ ಮುಗಿದ್ಮೇಲೆ ಹಾಕಿದ್ರೆ ಒಂದು ಬರಬರ ಅಂತಿದೆ, ಇನ್ನೊಂದ್ರಲ್ಲಿ ಬೇಸೇ ಇಲ್ಲ.
— ಸಾಗರದ ಹತ್ರದ ಓದುಗರು

ಉತ್ತರ: ಬರಬರ ಅನ್ನೋದ್ರ ಮುಂದಿನ ಬಟ್ಟೆ ಜಾಳಿಗೆ ತೆಗೆದು ಕೋನಿನ ಅಂಚು ನೋಡಿ. ಅಂಚಿನ ಸುತ್ತ ಫೋಮಿನ ಬಳೆ ಇರ್ತದೆ, ವಯಸ್ಸಾದ್ರೆ ತೇವಕ್ಕೆ ಅದು ಹಳೇ ಬ್ರೆಡ್ಡಿನಂಗೆ ಉದುರ್ತದೆ. ಸ್ಪೀಕರ್ ಬಿಸಾಕ್ಬೇಡಿ, ಬಳೆ ಮಾತ್ರ ಬದಲಾಯಿಸ್ಬಹುದು, ರಿಪೇರಿಯವ್ರಿಗೆ ಕೊಟ್ರೆ ಮಾಡ್ತಾರೆ. ಇನ್ಮೇಲೆ ತಗೊಂಡ್ರೆ ರಬ್ಬರ್ ಅಂಚಿನದು ತಗೊಳ್ಳಿ, ನಮ್ಮ ಹವೆಗೆ ಅದೇ ಬಾಳಿಕೆ.

ಬೇಸ್ ಇಲ್ಲದ್ದಕ್ಕೆ ಮೊದ್ಲು ವೈರು ಕಚ್ಕೊಂಡಿದ್ಯಾ ನೋಡಿ, ಆಮೇಲೆ ಡಬ್ಬದಲ್ಲಿರೋ ಉರುಟು ತೂತಿಗೆ ಟಾರ್ಚ್ ಬಿಡಿ. ನಮ್ಮನೇದ್ರಲ್ಲಿ ಕುಂಬಾರ ಹುಳ ಆ ಪೈಪಿನ ಬಾಯಿಗೆ ಮಣ್ಣು ತಂದು ಮೆತ್ತಿ, ಒಂದ್ರ ಪಕ್ಕ ಒಂದು ಐದು ಕೋಣೆ ಕಟ್ಟಿ, ಒಂದೊಂದ್ರಲ್ಲೂ ಮರಗಟ್ಟಿದ ಜೇಡ ತುಂಬಿ ಸೀಲ್ ಮಾಡಿತ್ತು. ಆ ತೂತೇ ಬೇಸ್ ಬರೋ ದಾರಿ, ಮುಚ್ಚಿದ್ರೆ ಸ್ಪೀಕರ್ ಉಸಿರು ಕಟ್ತದೆ. ಒಳಗೆ ತಳ್ಬೇಡಿ, ಸ್ಕ್ರೂಡ್ರೈವರಲ್ಲಿ ಹೊರಗಡೆಗೆ ಎಬ್ಬಿಸಿ. ಹಾಕ್ದೆ ಇರೋ ದಿನ ತೂತಿಗೆ ಹಳೇ ಕಾಲುಚೀಲ ತುರುಕಿಡಿ, ತೆಗಿಯೋಕೆ ಮರೀಬೇಡಿ. ಎಚ್‌ಡಿಎಂಐ ಕಿಂಡೀನೂ ಈ ಹುಳಕ್ಕೆ ಇಷ್ಟ. ಮಳೆಗಾಲದಲ್ಲಿ ವಾರಕ್ಕೆರಡು ಸಲ ಒಂದು ಗಂಟೆ ಸೆಟ್ ಹಾಕ್ತಾ ಇರಿ, ಅದ್ರ ಬಿಸಿಗೇ ಒಳಗಿನ ತೇವ ಆರ್ತದೆ.

ಪ್ರಶ್ನೆ: ಹೋದ ವರ್ಷ ಸಿಡಿಲಿಗೆ ಟಿವಿ, ಸೆಟ್‌ಟಾಪ್ ಬಾಕ್ಸ್, ಆಂಪ್ಲಿಫೈಯರ್ ಮೂರೂ ಹೋಯ್ತು. ಸ್ಟೆಬಿಲೈಜರ್ ಇತ್ತಲ್ಲ, ಹೆಂಗೆ ಹೋಯ್ತು?
— ಹೊಸನಗರದ ಓದುಗರು

ಉತ್ತರ: ಸ್ಟೆಬಿಲೈಜರ್ ಇರೋದು ವೋಲ್ಟೇಜ್ 180ಕ್ಕೆ ಇಳಿದಾಗ ಮೇಲೆತ್ತೋಕೆ, 260 ಆದಾಗ ತಗ್ಗಿಸೋಕೆ. ಸಿಡಿಲು ಬರೋದು ಅದ್ರ ಕಣ್ಣು ತಪ್ಪಿಸಿ ಸೆಕೆಂಡಿನ ಸಾವಿರದ ಒಂದು ಪಾಲಿಗಿಂತ ಕಡಿಮೆ ಹೊತ್ತಲ್ಲಿ. ಸರ್ಜ್ ಪ್ರೊಟೆಕ್ಟರ್ ಹಾಕಿ, ದಿಢೀರ್ ಏರೋ ವೋಲ್ಟೇಜನ್ನ ಅದು ಅರ್ಥಿಗೆ ಹರಿಸ್ತದೆ, ದೂರದಲ್ಲಿ ಬಿದ್ದಿದ್ದಕ್ಕೆ ಸಹಾಯ ಆಗ್ತದೆ, ಅದೂ ಅರ್ಥಿಂಗ್ ಸರಿ ಇದ್ರೆ ಮಾತ್ರ, ತೋಟದ ಮೇಲೇ ಬಿದ್ರೆ ಅದೂ ತಡಿಯಲ್ಲ. ಏಪ್ರಿಲ್, ಮೇ ತಿಂಗಳು ಸಂಜೆ ಘಟ್ಟದ ಕಡೆ ಮೋಡ ಕಪ್ಪಾಗಿ ಗುಡುಗೋಕೆ ಶುರುವಾದ ಕೂಡ್ಲೇ ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡೋದಲ್ಲ, ಕೀಳೋದು. ನಿಮ್ದು ಮೂರೂ ಒಟ್ಟಿಗೆ ಹೋಗಿದ್ದು ನೋಡಿದ್ರೆ ಡಿಶ್ ಕೇಬಲ್ಲಲ್ಲಿ ಬಂದಿರೋ ಹಂಗಿದೆ, ಮಾಡಿನ ಮೇಲಿನ ಡಿಶ್ಶಿಂದ ಬಾಕ್ಸಿಗೆ, ಬಾಕ್ಸಿಂದ ಎಚ್‌ಡಿಎಂಐ ಹಿಡಿದು ಟಿವಿಗೆ, ಅಲ್ಲಿಂದ ಆಂಪ್ಲಿಫೈಯರಿಗೆ. ಪ್ಲಗ್ ಜೊತೆ ಆ ಕೇಬಲ್ಲನ್ನೂ ಬಾಕ್ಸಿಂದ ತಿರುಗಿಸಿ ಬಿಚ್ಚಿ, ಇಂಟರ್ನೆಟ್ ವೈರೂ ಅಷ್ಟೇ. ಗುಡುಗು ಜೋರಾದ್ಮೇಲೆ ನೆನಪಾದ್ರೆ ಮಾತ್ರ ಮುಟ್ಟೋಕೆ ಹೋಗ್ಬೇಡಿ, ಟಿವಿ ಇನ್ನೊಂದು ತರ್ಬಹುದು.